ಛಾವಣಿಯ ಕೇಬಲ್: ತುದಿ ಭದ್ರವಿಲ್ಲದಿದ್ದರೆ ಭೂಸಂಪರ್ಕವೂ ವ್ಯರ್ಥ

ಮಲೆನಾಡು, ಕರಾವಳಿಯ ಒಂಟಿ ಮನೆಗಳ ಛಾವಣಿಯ ಮೇಲೆ ಇಂಟರ್‌ನೆಟ್ ಆಂಟೆನಾ, ಅಡಿಕೆ ಅಂಗಳದತ್ತ ಮುಖಮಾಡಿದ ಕಣ್ಗಾವಲು ಕ್ಯಾಮೆರಾ ಇಂದು ಅಪರೂಪವಲ್ಲ. ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆ ಸಿಡಿಲನ್ನೂ ಜತೆಗೆ ತರುತ್ತದೆ. ಆಂಟೆನಾದಿಂದ ಮನೆಯೊಳಗಿನ ರೂಟರ್‌ವರೆಗೆ ಇಳಿದ ಕೇಬಲ್ ಆಗ ಅಪಾಯಕ್ಕೂ ದಾರಿಯಾಗಬಲ್ಲದು. ಸಿಡಿಲು ನೇರವಾಗಿ ಬಡಿಯಬೇಕೆಂದೇನಿಲ್ಲ. ಸಮೀಪದ ತೆಂಗಿನ ಮರಕ್ಕೆ ಬಡಿದರೂ ತಂತಿಯಲ್ಲಿ ಕ್ಷಣಮಾತ್ರದಲ್ಲಿ ಅಧಿಕ ವೋಲ್ಟೇಜ್ ಉಂಟಾಗುತ್ತದೆ.

ಇದನ್ನು ತಡೆಯಲು ಲೋಹದ ಹೊದಿಕೆಯುಳ್ಳ ಕೇಬಲನ್ನೂ ಅರ್ತಿಂಗ್ ತಂತಿಯನ್ನೂ ಬಳಸುವುದುಂಟು. ಆದರೆ ದುಬಾರಿ ಕೇಬಲ್ ತಂದರೂ ಅದರ ತುದಿಗೆ ಕನೆಕ್ಟರ್ ಸರಿಯಾಗಿ ಜೋಡಿಸದಿದ್ದರೆ ರಕ್ಷಣೆ ಅಲ್ಲಿಯೇ ಕಡಿದುಹೋಗುತ್ತದೆ. ನೀರು ಒಳನುಗ್ಗುವುದೂ ಸಾಮಾನ್ಯವಾಗಿ ಈ ತುದಿಗಳಿಂದಲೇ.

ಕೇಬಲ್ ಆಯ್ಕೆ

ಮನೆಯೊಳಗೆ ಬಳಸುವ ಸಾಧಾರಣ ಪಿವಿಸಿ ಹೊದಿಕೆಯ ಕೇಬಲ್ ಬಿಸಿಲಿಗೆ ಬಿರುಕು ಬಿಡುತ್ತದೆ. ಹೊರಾಂಗಣಕ್ಕೆ ಕಪ್ಪು ಪಾಲಿಥೀನ್ ಹೊದಿಕೆಯದ್ದೇ ಸೂಕ್ತ. ಒಳಗಿನ ಎಂಟು ತಂತಿಗಳು ಶುದ್ಧ ತಾಮ್ರದವಾಗಿರಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗವಾದರೂ ಬೇಗ ಮುರಿಯುತ್ತದೆ. ಆಂಟೆನಾಕ್ಕೆ ಅದೇ ಕೇಬಲಿನಲ್ಲಿ ವಿದ್ಯುತ್ ಹಾಯಿಸಿದಾಗ ಹೆಚ್ಚು ಬಿಸಿಯಾಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಟ್ಟು ಉದ್ದ 100 ಮೀಟರ್ ಮೀರಬಾರದು.

ಕನೆಕ್ಟರ್ ಜೋಡಿಸುವ ಕ್ರಮ

ಮೊದಲು ನೀರು ತಡೆಯುವ ಗ್ಲ್ಯಾಂಡನ್ನು ಕೇಬಲಿಗೆ ತೂರಿಸಿಟ್ಟುಕೊಳ್ಳಬೇಕು. ಇದನ್ನು ಮರೆತವರು ಕನೆಕ್ಟರ್ ಒತ್ತಿದ ಮೇಲೆ ಅದನ್ನು ಕತ್ತರಿಸಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಅನಂತರ ಹೊರಹೊದಿಕೆಯನ್ನು ಸುಲಿದು, ಒಳಗಿನ ತೆಳುಹಾಳೆಯೊಂದಿಗೆ ಬರುವ ಬರಿಯ ತಂತಿಯನ್ನು ಕತ್ತರಿಸದೆ ಹಿಂದಕ್ಕೆ ಮಡಚಿಡಬೇಕು.

ಜೋಡಿ ತಂತಿಗಳ ಹುರಿಯನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬಾರದು. ಬಿಚ್ಚಿದರೆ ಸಂಕೇತಗಳು ಒಂದರೊಳಗೊಂದು ಬೆರೆಯುತ್ತವೆ. ಕನೆಕ್ಟರಿನ ಕೊಂಡಿ ಕೆಳಮುಖವಾಗಿರುವಂತೆ ಹಿಡಿದರೆ ಎಡದಿಂದ ಬರಬೇಕಾದ ಬಣ್ಣಗಳ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗಳಲ್ಲಿ ಇದೇ ಕ್ರಮವಿರಬೇಕು.

ಮಡಚಿಟ್ಟ ಬರಿಯ ತಂತಿ ಕನೆಕ್ಟರಿನ ಲೋಹದ ಕವಚವನ್ನು ಗಟ್ಟಿಯಾಗಿ ಮುಟ್ಟುವಂತೆ ಒತ್ತಬೇಕು. ಪ್ಲಾಸ್ಟಿಕ್ ಕನೆಕ್ಟರ್ ಹಾಕಿದರೆ ಕೇಬಲಿನ ಲೋಹದ ಹೊದಿಕೆ ಎಲ್ಲಿಗೂ ಸೇರದೆ ನಿಷ್ಪ್ರಯೋಜಕವಾಗುತ್ತದೆ. ಪರೀಕ್ಷಕದಲ್ಲಿ ಎಂಟು ದೀಪಗಳ ಜತೆ ಹೊದಿಕೆಯನ್ನು ಸೂಚಿಸುವ ಒಂಬತ್ತನೆಯ ದೀಪವೂ ಬೆಳಗಿದರೆ ಮಾತ್ರ ಕೆಲಸ ಪೂರ್ಣ.

ಅರ್ತಿಂಗ್ ತಂತಿಯ ತುದಿ

ಅರ್ತಿಂಗ್ ತಂತಿಯನ್ನು ಬೋಲ್ಟಿಗೆ ಸುತ್ತಿ ಬಿಗಿಯುವ ರೂಢಿ ಅನೇಕ ಕಡೆ ಇದೆ. ಗಾಳಿಗೆ ಕಂಬ ಅಲುಗಿದಂತೆ ಈ ಸುತ್ತು ಸಡಿಲವಾಗುತ್ತದೆ. ತಂತಿಯ ಅಳತೆಗೆ ಹೊಂದುವ, ತವರ ಲೇಪಿಸಿದ ತಾಮ್ರದ ಲಗ್ಗನ್ನು ಉಪಕರಣದಿಂದ ಒತ್ತಿ ಕೂಡಿಸುವುದೇ ಸರಿಯಾದ ವಿಧಾನ. 6 ಚದರ ಮಿ.ಮೀ. ತಂತಿಗೆ ಅದೇ ಅಳತೆಯ ಲಗ್. ಲಗ್ ಕೂರುವ ಜಾಗದ ಬಣ್ಣ, ತುಕ್ಕನ್ನು ಕೆರೆದು ಹೊಳೆಯುವ ಲೋಹ ಕಾಣುವಂತೆ ಮಾಡಬೇಕು. ಹಲ್ಲಿನ ವಾಷರ್ ಇಟ್ಟು ಬಿಗಿದು, ನೀರು ತಾಗದಂತೆ ಮುಚ್ಚಬೇಕು. ಬರಿಯ ತಾಮ್ರ ಅಲ್ಯೂಮಿನಿಯಮ್ಮನ್ನು ನೇರವಾಗಿ ಮುಟ್ಟಿದರೆ ಮಳೆನೀರು ಬಿದ್ದಾಗ ಅಲ್ಯೂಮಿನಿಯಂ ಸವೆಯುತ್ತದೆ.

ಆಂಟೆನಾಕ್ಕೆಂದೇ ಪ್ರತ್ಯೇಕ ಸಲಾಕೆ ನೆಟ್ಟು ಅದನ್ನು ಮನೆಯ ಅರ್ತಿಂಗ್‌ಗೆ ಜೋಡಿಸದೆ ಬಿಡುವುದು ಇನ್ನೂ ದೊಡ್ಡ ತಪ್ಪು. ಸಿಡಿಲಿನ ಕ್ಷಣದಲ್ಲಿ ಎರಡು ಭೂಸಂಪರ್ಕಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏರ್ಪಟ್ಟು, ಆ ಪ್ರವಾಹ ರೂಟರ್ ಮೂಲಕವೇ ದಾರಿ ಹುಡುಕುತ್ತದೆ. ಎರಡನ್ನೂ ದಪ್ಪ ತಂತಿಯಿಂದ ಒಂದುಗೂಡಿಸಬೇಕು. ಕೇಬಲ್ ಮನೆಯನ್ನು ಪ್ರವೇಶಿಸುವಲ್ಲಿ ಸರ್ಜ್ ನಿರೋಧಕವನ್ನು ಕೂರಿಸಿ, ಅದನ್ನೂ ಇದೇ ಅರ್ತಿಂಗ್‌ಗೆ ಸೇರಿಸಬೇಕು. ಮನೆಯ ಮುಖ್ಯ ಅರ್ತಿಂಗ್‌ಗೆ ಕೈಹಾಕುವ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ಗೆ ಬಿಡುವುದು ಕ್ಷೇಮ.

ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಜೋತುಬಿದ್ದ ಒಂದು ಬಾಗು ಇರಲಿ. ಹನಿಗಳು ಅಲ್ಲಿಂದಲೇ ನೆಲಕ್ಕೆ ಉದುರುತ್ತವೆ.

ಇಷ್ಟಾದರೂ ನೇರವಾಗಿ ಬಡಿಯುವ ಸಿಡಿಲನ್ನು ಈ ಏರ್ಪಾಡು ತಡೆಯಲಾರದು. ಅದರ ಪ್ರವಾಹ ಸಾಮಾನ್ಯವಾಗಿ ಹತ್ತಾರು ಸಾವಿರ ಆಂಪಿಯರ್. ಮೋಡ ಕವಿಯುವ ಮೊದಲೇ ಪ್ಲಗ್ಗನ್ನೂ ಛಾವಣಿಯಿಂದ ಬಂದ ಕೇಬಲನ್ನೂ ಕಳಚಿಡುವುದು ಒಳ್ಳೆಯದು. ಗುಡುಗು ಕೇಳಿಸಿದ ಮೇಲೆ ಕೇಬಲ್ ಮುಟ್ಟುವುದಾಗಲಿ, ಸಡಿಲ ತುದಿ ಸರಿಪಡಿಸಲು ಛಾವಣಿ ಏರುವುದಾಗಲಿ ಸಲ್ಲದು. ರೂಟರ್ ಸುಟ್ಟರೆ ಇನ್ನೊಂದು ತರಬಹುದು. ಜೀವ ಹೋದರೆ ಬಾರದು.