ಎಂದೂ ಬೀಳದ ಎರಡೂವರೆ

ಚೌಕಾಬಾರ ಆಟದಲ್ಲಿ ನಾಲ್ಕು ಕವಡೆ ಎಸೆದಾಗ, ಬಾಯಿ ಮೇಲಾಗಿ ಬಿದ್ದವುಗಳ ಎಣಿಕೆಯೇ ಗರ. ನಾಲ್ಕೂ ಬೋರಲಾದರೆ ಎಂಟು. ಎರಡೂವರೆ ಎಂಬ ಗರ ಯಾರಿಗೂ ಬೀಳದು.

ಹೀಗೆ ಬಿಡಿಬಿಡಿಯಾಗಿ ಎಣಿಸಬಹುದಾದ ಫಲಿತಗಳನ್ನೂ ಪ್ರತಿಯೊಂದರ ಸಂಭವನೀಯತೆಯನ್ನೂ ಒಟ್ಟಿಗೆ ಬರೆದಿಟ್ಟರೆ, ಅದೇ ವಿಚ್ಛಿನ್ನ ಸಂಭವನೀಯತಾ ವಿತರಣೆ.

ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಎಂದುಕೊಳ್ಳೋಣ. ಆಗ ನಾಲ್ಕು ಕವಡೆ ಬೀಳುವ ಬಗೆಗಳು 16. ಎರಡರ ಗರ 6 ಬಗೆಯಲ್ಲಿ, ಒಂದು ಮತ್ತು ಮೂರು ತಲಾ 4 ಬಗೆಯಲ್ಲಿ ಬರುತ್ತವೆ. ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ ದಾರಿ. ಆಟದಲ್ಲಿ ಅವೆರಡಕ್ಕೆ ಇನ್ನೊಂದು ಎಸೆತ ಸಿಗುವುದು ಈ ಅಪರೂಪಕ್ಕಾಗಿಯೇ ಇರಬೇಕು. ಎಲ್ಲ ಸಂಭವನೀಯತೆಗಳನ್ನು ಕೂಡಿದರೆ 1 ಬರಲೇಬೇಕು. ಬಾರದಿದ್ದರೆ ಎಣಿಕೆಯಲ್ಲಿ ಎಲ್ಲೋ ತಪ್ಪಿದೆ.

ಪ್ರತಿ ಗರವನ್ನು ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿದರೆ 40/16, ಅಂದರೆ 2.5. ಎಂದೂ ಬೀಳದ ಆ ಎರಡೂವರೆಯೇ ನಿರೀಕ್ಷಿತ ಬೆಲೆ: ಸಾವಿರಾರು ಸಲ ಎಸೆದಾಗ ಸರಾಸರಿ ಅದರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಈ ಲೆಕ್ಕದ ಅತ್ಯಂತ ಸೊಗಸಾದ ಜಾಗ ಇದೇ.

ನಿಜವಾದ ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ಎರಡೂ ಮಗ್ಗುಲು ಸಮವೆಂದು ನಂಬಲು ಕಾರಣವಿಲ್ಲ. ಒಂದು ಕವಡೆಯನ್ನು ನೂರಾರು ಸಲ ಎಸೆದು, ಬಾಯಿ ಮೇಲಾದ ಪಾಲನ್ನು ಗುರುತಿಸಿ, ಅರ್ಧದ ಬದಲು ಅದನ್ನು ಇಂಥ ಎಸೆತಗಳ ಸಂಭವನೀಯತೆ ಕೊಡುವ ದ್ವಿಪದ ಸೂತ್ರಕ್ಕೆ ಹಾಕಿದರೆ ಆ ಕವಡೆಗೆ ಒಪ್ಪುವ ಹೊಸ ಕೋಷ್ಟಕ ಸಿಗುತ್ತದೆ.