ಅಭಿಪ್ರಾಯ ಕೇಳೋದು ಬೇರೆ, ವೋಟು ಕೊಡೋದು ಬೇರೆ

ಇವತ್ತು ಒಂದೇ ಪ್ರಶ್ನೆ: ಜಾಗತಿಕ ಆರೋಗ್ಯ ವ್ಯವಸ್ಥೆ ಬದಲಾಗಬೇಕು ಅಂತಾರಲ್ಲ, ಅದನ್ನ ತೀರ್ಮಾನಿಸೋ ಕಡೆ ರೋಗಿಗಳಿಗೆ ಜಾಗ ಇದೆಯಾ?

ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ವೋಟು ಇರೋದು ಸದಸ್ಯ ದೇಶಗಳಿಗೆ ಮಾತ್ರ. ಮಾನ್ಯತೆ ಪಡೆದ ಎನ್‌ಜಿಒಗಳು ಮಾತಾಡಬಹುದು, ಅಷ್ಟೇ.

2002ರಲ್ಲಿ ಶುರುವಾದ ಗ್ಲೋಬಲ್ ಫಂಡ್ ಬೇರೆ ದಾರಿ ಹಿಡಿಯಿತು. ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಕೆಲಸಕ್ಕೆ ದುಡ್ಡು ಕೊಡೋ ನಿಧಿ ಇದು. ಇದರ ಮಂಡಳಿಯಲ್ಲಿ 20 ವೋಟುಗಳಿವೆ. ಎರಡು ಎನ್‌ಜಿಒಗಳಿಗೆ, ಒಂದು ಈ ರೋಗಗಳ ಜೊತೆ ಬದುಕುತ್ತಿರೋ ಸಮುದಾಯಗಳಿಗೆ.

ಮೂರು ವೋಟು ಏನು ಮಹಾ ಅಂತೀರಾ? ನಾನು ಕಾಮರ್ಸ್ ಓದಿದವಳು, ಲೆಕ್ಕ ಹೇಳ್ತೀನಿ. ದಾನಿಗಳ ಬಣದಲ್ಲಿ 10 ವೋಟು. ಅಭಿವೃದ್ಧಿಶೀಲ ದೇಶಗಳದ್ದು 7, ಈ ಮೂರೂ ಸೇರಿ ಇನ್ನೊಂದು ಬಣದಲ್ಲಿ 10. ಒಮ್ಮತ ಆಗದೆ ವೋಟಿಗೆ ಹೋದರೆ, ಎರಡೂ ಬಣಗಳಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಎಲ್ಲರೂ ಹಾಜರಿದ್ದಾಗ, ಈ ಮೂವರ ಜೊತೆ ಇನ್ನೊಂದೇ ವೋಟು ಸೇರಿದರೂ ಪ್ರಸ್ತಾವ ಬಿದ್ದುಹೋಗುತ್ತೆ!

2025ರಲ್ಲಿ ಅಮೆರಿಕ ನೆರವು ಕಡಿತ ಮಾಡಿದ ಮೇಲೆ ಖರ್ಚು ಉಳಿಸೋ, ಸಂಸ್ಥೆಗಳನ್ನ ವಿಲೀನ ಮಾಡೋ ಮಾತು ಜೋರಾಗಿದೆ. ಎಷ್ಟು ಉಳಿಯುತ್ತೆ ಅಂತ ಕೇಳೋಣ, ಸರಿ. ಆ ಮೂರು ವೋಟು ಉಳಿಯುತ್ತಾ ಅಂತಾನೂ ಕೇಳೋಣ. ಮಾತ್ರೆ ನಿಂತರೆ ಜೀವ ಹೋಗೋದು ಅವರದ್ದೇ ತಾನೇ?