ಹಡಗು ಹತ್ತುವ ಮುನ್ನ ಎರಡೂ ಕೈ ಖಾಲಿ ಇರಲಿ

ಹೊರಡಲು ಇನ್ನೂ ಹತ್ತು ದಿನವಿರುವಾಗಲೇ ನಮ್ಮ ನಡುಮನೆಯಲ್ಲಿ ಚಕ್ರದ ದೊಡ್ಡ ಸೂಟ್‌ಕೇಸು ಬಾಯಿ ತೆರೆದುಕೊಂಡು ಮಲಗಿತ್ತು. ನನ್ನ ಹೆಂಡತಿ ಅದರೊಳಗೆ ಆರು ಸೀರೆ, ಸ್ಟೀಲಿನ ಟಿಫನ್ ಕ್ಯಾರಿಯರ್, ಒಂದು ಕಿಲೋ ಚಟ್ನಿಪುಡಿಯ ಡಬ್ಬಿ ಇಟ್ಟಿದ್ದಳು. ನಾನೂ ಸುಮ್ಮನಿರಲಾರದೆ ಒಂದು ಸ್ವೆಟರ್ ತುರುಕಿದೆ. ಏಳನೇ ತರಗತಿಯ ಮೊಮ್ಮಗಳು ಬಂದು ನೋಡಿ, "ತಾತ, ಇದನ್ನ ಹಡಗಿನೊಳಗೆ ಎತ್ತಿಕೊಂಡು ಹೋಗೋರು ಯಾರು?" ಎಂದು ಕೇಳಿದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸ್ವೆಟರ್ ಹೊರಗೆ ಬಂತು. ಆಮೇಲೆ ಸೂಟ್‌ಕೇಸೇ ಅಟ್ಟಕ್ಕೆ ಹೋಯಿತು.

ನಾವು ಹೊರಟಿದ್ದು ಲಕ್ಷದ್ವೀಪಕ್ಕೆ. ಲಕ್ಷದ್ವೀಪ ಆಡಳಿತದ 'ಸ್ಪೋರ್ಟ್ಸ್' ಎಂಬ ಪ್ರವಾಸೋದ್ಯಮ ಸಂಸ್ಥೆ ನಡೆಸುವ 'ಸಮುದ್ರಂ' ಪ್ರವಾಸದಲ್ಲಿ ಐದು ದಿನ. ಕೊಚ್ಚಿಯ ವಿಲಿಂಗ್ಡನ್ ದ್ವೀಪದಲ್ಲಿ ಹಡಗು ಹತ್ತುವುದು, ರಾತ್ರಿಯೆಲ್ಲ ಹಡಗಿನಲ್ಲೇ ಪ್ರಯಾಣ, ಹಗಲು ಕಲ್ಪೇನಿ, ಮಿನಿಕಾಯ್, ಕವರತ್ತಿ ಹೀಗೆ ದಿನಕ್ಕೊಂದು ದ್ವೀಪದಲ್ಲಿ ಇಳಿದು ಸಂಜೆಗೆ ಮತ್ತೆ ಹಡಗಿಗೆ. ನಮ್ಮ ಹಡಗು ಎಂ.ವಿ. ಕವರತ್ತಿ. ಸುಮಾರು 700 ಪ್ರಯಾಣಿಕರನ್ನು ಒಯ್ಯುವಂಥದು. ಟಿ.ವಿ.ಯಲ್ಲಿ ತೋರಿಸುವ ಐದಾರು ಸಾವಿರ ಜನರ ವಿಲಾಸಿ ಹಡಗುಗಳ ಎದುರು ಇದು ಮರಿ. ಆ ದೊಡ್ಡ ಹಡಗುಗಳಲ್ಲಿ ಅಂಗಡಿ ಬೀದಿಯೇ ಇರುತ್ತದೆಯಂತೆ. ಬ್ರಷ್ ಮರೆತರೆ ಕೊಂಡುಕೊಳ್ಳಬಹುದು. ಮರಿ ಹಡಗಿನಲ್ಲಿ ಮರೆತದ್ದು ಮರೆತ ಹಾಗೇ.

ನಮ್ಮ ಕಡೆಯವರಿಗೆ ಈ ದ್ವೀಪಗಳು ತೀರ ಪರಕೀಯವಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಬಿಡುತ್ತೇನೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು, ಅಂದರೆ ನಮ್ಮ ರಾಜ್ಯ ಒಂದಾದ ದಿನವೇ, ಅವು ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು.

ಈಗ ಚೀಲದ ವಿಷಯ. ಈ ದ್ವೀಪಗಳು ಹವಳದವು. ಸುತ್ತ ಹವಳದ ದಿಬ್ಬ, ಅದರೊಳಗೆ ಎದೆಮಟ್ಟದ, ಸೊಂಟಮಟ್ಟದ ತಿಳಿನೀರು. ದೊಡ್ಡ ಹಡಗು ಒಳಗೆ ಬಂದರೆ ತಳ ಕಚ್ಚುತ್ತದೆ. ಹಾಗಾಗಿ ಹಡಗು ಹೆಚ್ಚಾಗಿ ದಿಬ್ಬದಾಚೆ ಆಳದ ನೀರಿನಲ್ಲೇ ನಿಲ್ಲುತ್ತದೆ. ದ್ವೀಪದಿಂದ ಸಣ್ಣ ದೋಣಿ ಬಂದು ಹಡಗಿನ ಪಕ್ಕೆಗೆ ಒತ್ತಿ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲಿನಿಂದ ನಾವು ಆ ದೋಣಿಗೆ ದಾಟಬೇಕು. ಹಡಗು ಹೆಚ್ಚು ಅಲ್ಲಾಡುವುದಿಲ್ಲ. ದೋಣಿ ಮಾತ್ರ ಅಲೆಯ ಜೊತೆ ಏರುತ್ತ ಇಳಿಯುತ್ತ ಇರುತ್ತದೆ. ಒಂದು ಕ್ಷಣ ಬಾಗಿಲಿನ ಮಟ್ಟಕ್ಕೆ, ಮರುಕ್ಷಣ ಎರಡು ಅಡಿ ಕೆಳಗೆ. ಮೇಲಿನಿಂದ ಇಬ್ಬರು, ಕೆಳಗಿನಿಂದ ಇಬ್ಬರು ಸಿಬ್ಬಂದಿ ನಿಮ್ಮ ತೋಳು ಹಿಡಿದು, ಅಲೆ ಮೇಲೆ ಬಂದ ಕ್ಷಣ ನೋಡಿ ದಾಟಿಸುತ್ತಾರೆ. ಆ ಹೊತ್ತಿಗೆ ನಿಮ್ಮ ಎರಡೂ ಕೈ ಖಾಲಿ ಇರಲೇಬೇಕು. ಈ ಪ್ರವಾಸಕ್ಕೆ ಏನು ಕಟ್ಟಿಕೊಳ್ಳಬೇಕು, ಹೇಗೆ ಕಟ್ಟಿಕೊಳ್ಳಬೇಕು ಎಂಬುದೆಲ್ಲ ಇದೊಂದರ ಮೇಲೆ ನಿಂತಿದೆ.

ಇದು ನಮಗೆ ಮೊದಲೇ ಗೊತ್ತಿತ್ತು, ಆದರೂ ತಪ್ಪಿದೆವು. ಬಟ್ಟೆಗೆಲ್ಲ ಬೆನ್ನಿಗೆ ಹಾಕುವ ಮೆತ್ತನೆಯ ಚೀಲ ಮಾಡಿಕೊಂಡಿದ್ದೆವು, ಸರಿ. ಆದರೆ ನನ್ನವಳು ಮನೆಯಿಂದ ಹೊರಡುವಾಗ "ಕೈಗೆ ಸಿಗೋ ಹಾಗಿರಲಿ ರೀ" ಎಂದು ಐದು ದಿನದ ಮಾತ್ರೆಗಳನ್ನೆಲ್ಲ ಒಂದು ಪುಟ್ಟ ಕೈಚೀಲದಲ್ಲಿ ಹಾಕಿದ್ದಳು. ನಾನು ಬೇಡವೆನ್ನಲಿಲ್ಲ. ಕಲ್ಪೇನಿಯಲ್ಲಿ ದೋಣಿಗೆ ದಾಟುವಾಗ ಆ ಚೀಲ ಅವಳ ಮೊಣಕೈಯಲ್ಲಿ ನೇತಾಡುತ್ತಿತ್ತು. ಕೆಳಗಿದ್ದ ಹುಡುಗ "ರಂಡು ಕೈ, ರಂಡು ಕೈ" ಎಂದು ಕೂಗಿದ. ಮಲಯಾಳ ಬಾರದಿದ್ದರೂ ಅರ್ಥವಾಗುವ ಮಾತು. ಅವಳು ಎರಡೂ ಕೈ ಚಾಚಿದಳು, ಚೀಲ ಜಾರಿತು. ಹಡಗಿಗೂ ದೋಣಿಗೂ ನಡುವಿನ ಗೇಣು ಸಂದಿಯಲ್ಲಿ ಒಮ್ಮೆ ತೇಲಿ ಮರೆಯಾಯಿತು. ಚೀಲದ ಹಿಂದೆ ಅವಳು ಬಗ್ಗಲಿಲ್ಲವಲ್ಲ, ಅದೇ ನಮ್ಮ ಪುಣ್ಯ. ಬಗ್ಗಿದ್ದರೆ ಏನಾಗುತ್ತಿತ್ತೋ ನೆನೆಸಿಕೊಳ್ಳಲು ನನಗೆ ಈಗಲೂ ಇಷ್ಟವಿಲ್ಲ.

ದಡ ಸೇರಿದ ಮೇಲೆ ತಿಳಿದದ್ದು, ಹೋದದ್ದು ಬರೀ ಚೀಲವಲ್ಲ, ಅವಳ ರಕ್ತದೊತ್ತಡದ ಮತ್ತು ಥೈರಾಯ್ಡ್ ಮಾತ್ರೆಗಳು. ಸಂಜೆ ಹಡಗಿನ ವೈದ್ಯರ ಬಳಿ ಹೋದೆವು. "ಯಾವ ಮಾತ್ರೆ?" ಎಂದರು. ನನ್ನವಳು, "ಬಿಳೀದು, ಗುಂಡಗೆ ಸಣ್ಣದು, ಬೆಳಿಗ್ಗೆ ಒಂದು" ಎಂದಳು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಖಾತೆ ಸಂಖ್ಯೆ ಬಾಯಿಪಾಠ ಮಾಡಿದ್ದ ನನಗೂ ಹೆಂಡತಿಯ ಮಾತ್ರೆಯ ಹೆಸರು ಗೊತ್ತಿರಲಿಲ್ಲ. ಆಗ ಮೊಮ್ಮಗಳು ತನ್ನ ನೋಟ್‌ಬುಕ್ ಬಿಚ್ಚಿದಳು. ಹೊರಡುವ ಮೊದಲು ಎಲ್ಲ ಸಾಮಾನಿನ ಪಟ್ಟಿ ಬರೆಯುವ ಕೆಲಸ ಅವಳದಾಗಿತ್ತು. ನಾನು 'ಮಾತ್ರೆಗಳು' ಎಂದಷ್ಟೇ ಬರೆಸಿದ್ದೆ. ಅವಳಿಗೆ ಅದು ಸಾಲದೆ, ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಇಳಿಸಿ, ಪಕ್ಕದಲ್ಲಿ '5 ಎಂ.ಜಿ.' ಎಂದೂ ಬರೆದಿದ್ದಳು. ಆಮ್ಲೋಡಿಪಿನ್. ವೈದ್ಯರ ಬಳಿ ಅದು ಇತ್ತು. ಥೈರಾಯ್ಡ್ ಮಾತ್ರೆ ಇರಲಿಲ್ಲ. ನಾಲ್ಕು ದಿನ ತಪ್ಪಿದರೆ ಇವರಿಗೆ ಗಾಬರಿಯಿಲ್ಲ, ಊರಿಗೆ ಹೋದೊಡನೆ ಮತ್ತೆ ಶುರು ಮಾಡಿ ಎಂದರು. ಎಲ್ಲರಿಗೂ ಹೀಗೇ ಎನ್ನಲಾಗದು. ಇನ್ಸುಲಿನ್ ಹಾಕಿಕೊಳ್ಳುವವರು, ಹೃದಯದ ಮಾತ್ರೆ ನುಂಗುವವರು ಇಂಥ ಅದೃಷ್ಟ ನಂಬಿಕೊಂಡು ಹೊರಡಬಾರದು.

ಹಾಗಾಗಿ ಮಾತ್ರೆಗಳನ್ನು ಎರಡು ಪಾಲು ಮಾಡಿ, ಇಬ್ಬರ ಚೀಲದಲ್ಲಿ ಇಡಿ. ಬೇಕಾದ ದಿನಗಳಿಗಿಂತ ನಾಲ್ಕು ದಿನದ್ದು ಹೆಚ್ಚಿಗೆ ಇರಲಿ, ಏಕೆಂದರೆ ಹವೆ ಕೆಟ್ಟರೆ ಹಡಗು ತಡವಾಗುತ್ತದೆ. ವೈದ್ಯರ ಚೀಟಿಯ ಒಂದು ಜೆರಾಕ್ಸ್ ಪ್ರತಿ, ಮೊಬೈಲಿನಲ್ಲಿ ಒಂದು ಫೋಟೋ. ಮಕ್ಕಳೇ, ಈ ಕೆಲಸ ನೀವು ವಹಿಸಿಕೊಳ್ಳಿ. ನಿಮ್ಮ ಅಜ್ಜ ಅಜ್ಜಿಯ ಮಾತ್ರೆಯ ಹೆಸರು ನಿಮ್ಮ ನೋಟ್‌ಬುಕ್ಕಿನಲ್ಲಿರಲಿ.

ಚೀಲ ಬಿದ್ದುದಕ್ಕೆ ನಾವು ಮಾತ್ರೆಯ ಚಿಂತೆ ಮಾಡುತ್ತಿದ್ದರೆ, ಮೂರನೇ ತರಗತಿಯ ಮೊಮ್ಮಗನ ಚಿಂತೆಯೇ ಬೇರೆ. "ಆಮೆ ಅದನ್ನ ತಿಂದ್ಬಿಟ್ರೆ?" ಎಂದು ರಾತ್ರಿ ಎರಡು ಸಲ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.

ಇನ್ನು ವಾಂತಿ. ಹಡಗು ಎಂದೊಡನೆ ಎಲ್ಲರೂ ಕೇಳುವುದು ಇದನ್ನೇ. ನಮ್ಮ ಕಿವಿಯ ಒಳಭಾಗದಲ್ಲಿ ದ್ರವ ತುಂಬಿದ ಸಣ್ಣ ಕೊಳವೆಗಳಿವೆ. ಮೈ ಅಲ್ಲಾಡಿದ್ದನ್ನು ಅವು ಮಿದುಳಿಗೆ ತಿಳಿಸುತ್ತವೆ. ಕೋಣೆಯೊಳಗೆ ಕೂತಾಗ ಕಿವಿ 'ಅಲ್ಲಾಡುತ್ತಿದ್ದೇವೆ' ಎನ್ನುತ್ತದೆ, ಗೋಡೆ ನೋಡುವ ಕಣ್ಣು 'ಇಲ್ಲ, ಎಲ್ಲ ನಿಂತಿದೆ' ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ಆದ್ದರಿಂದ ಡೆಕ್ಕಿಗೆ ಬಂದು ದೂರದಲ್ಲಿ ಆಕಾಶ ನೀರು ಕೂಡುವ ಗೆರೆಯನ್ನು ನೋಡುತ್ತ ನಿಂತರೆ ಸಮಾಧಾನ. ಮೊಬೈಲ್ ನೋಡುವುದು, ಕಥೆ ಪುಸ್ತಕ ಓದುವುದು ಇನ್ನೂ ಕೆಡಿಸುತ್ತದೆ. ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಅಲುಗಾಟ ಕಡಿಮೆ. ಸಿಕ್ಕರೆ ಅಲ್ಲಿನ ಕೋಣೆ, ಅದರಲ್ಲೂ ಹಿರಿಯರಿಗೆ ಕೆಳಗಿನ ಬರ್ತ್ ಕೇಳಿಕೊಳ್ಳಿ. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಆದರೆ ನಮ್ಮ ವಯಸ್ಸಿನವರಿಗೆ ಇದು ಮಂಪರು ತರಿಸುತ್ತದೆ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ ಇರುವವರಿಗೆ ಕೆಲವು ಮಾತ್ರೆ ಆಗಿಬರುವುದಿಲ್ಲ. ನಿಮ್ಮ ವೈದ್ಯರನ್ನು ಕೇಳಿಯೇ ಕೊಳ್ಳಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯದ್ದೂ ಬೇಡ. ಬ್ರೆಡ್ಡು, ಮಂಡಕ್ಕಿ, ಒಂದು ಚೂರು ಒಣಶುಂಠಿ. ಕಟ್ಟಿಸಿದ ಹಲ್ಲಿನ ಸೆಟ್ ಇರುವವರಿಗೆ ಒಂದು ಕಿವಿಮಾತು: ಹೊಟ್ಟೆ ತೊಳಸಿದಂತಾದರೆ ಮೊದಲು ಅದನ್ನು ತೆಗೆದು ಡಬ್ಬಿಯಲ್ಲಿಡಿ, ಆಮೇಲೆ ಕಟಕಟೆಯತ್ತ ನಡೆಯಿರಿ. ನಗಬೇಡಿ, ನನ್ನ ಸೆಟ್ಟಿನ ಬೆಲೆ ನನಗೆ ಗೊತ್ತು.

ಬಟ್ಟೆಯ ಬಗ್ಗೆ ನಮ್ಮ ಮನೆಯಲ್ಲಿ ಮೂರು ದಿನ ಚರ್ಚೆ ನಡೆಯಿತು. ನನ್ನವಳು ಮದುವೆಯಾದ ದಿನದಿಂದ ಸೀರೆ ಬಿಟ್ಟು ಬೇರೇನೂ ಉಟ್ಟವಳಲ್ಲ. ದೋಣಿಗೆ ದಾಟುವಾಗ ಸೀರೆಯ ನೆರಿಗೆ ಕಾಲಿಗೆ ತೊಡರುತ್ತದೆ, ಗಾಳಿಗೆ ಸೆರಗು ಮುಖ ಮುಚ್ಚುತ್ತದೆ ಎಂದರೆ, "ನಿಮಗೆ ಪಂಚೆ ಬೇಡ ಅಂದ್ರೆ ಬಿಡ್ತೀರಾ?" ಎಂದಳು. ಕೊನೆಗೆ ಮಗಳ ಎರಡು ಚೂಡಿದಾರ್ ಸಣ್ಣ ಚೀಲಕ್ಕೆ ಸೇರಿದವು. ಮೊದಲ ದಿನ ಅದನ್ನು ತೊಟ್ಟು ಕೋಣೆಯಿಂದ ಹೊರಬರಲು ಕಾಲು ಗಂಟೆ ತೆಗೆದುಕೊಂಡಳು. ನಾನು ಪಂಚೆ ಬಿಟ್ಟು ಪ್ಯಾಂಟು ಹಾಕಿ ಲೆಕ್ಕ ಸಮ ಮಾಡಿದೆ. ಬೇಗ ಒಣಗುವ ತೆಳು ಬಟ್ಟೆ ಎರಡು ಜೊತೆ ಹೆಚ್ಚಿರಲಿ. ದಪ್ಪ ಟರ್ಕಿ ಟವೆಲಿಗಿಂತ ನಮ್ಮ ತೆಳು ಹತ್ತಿ ಟವೆಲೇ ವಾಸಿ. ಒದ್ದೆ ಬಟ್ಟೆಗೆ ಪ್ರತ್ಯೇಕ ಪ್ಲಾಸ್ಟಿಕ್ ಚೀಲ ಬೇಕು. ಡೆಕ್ಕಿನ ಕಂಬಿಗೆ ಬಟ್ಟೆ ಒಣಹಾಕಿದರೆ ಅದು ಸಮುದ್ರಕ್ಕೆ ಸಂದಾಯ.

ಕಾಲಿಗೆ ಹಿಂಬದಿ ಪಟ್ಟಿಯಿರುವ, ಜಾರದ ಚಪ್ಪಲಿ. ಹವಾಯಿ ಚಪ್ಪಲಿ ಬೇಡ. ಹಡಗಿನ ಬಾಗಿಲುಗಳಿಗೆ ನಮ್ಮ ಹಳೆಯ ಮನೆಗಳಂತೆ ಎತ್ತರದ ಹೊಸ್ತಿಲುಗಳಿರುತ್ತವೆ, ನೀರು ಒಳಬಾರದಿರಲೆಂದು. ರಾತ್ರಿ ಬಚ್ಚಲಿಗೆ ಹೋಗುವಾಗ ಎಡವುವುದು ಅಲ್ಲೇ. ತಲೆದಿಂಬಿನ ಬಳಿ ಸಣ್ಣ ಟಾರ್ಚ್ ಇರಲಿ. ಕನ್ನಡಕಕ್ಕೆ ದಾರ, ಟೋಪಿಗೆ ಗಲ್ಲದಡಿ ಕಟ್ಟುವ ಲಾಡಿ.

ಹೊರಗಿನವರು ಲಕ್ಷದ್ವೀಪಕ್ಕೆ ಹೋಗಲು ಪ್ರವೇಶ ಪರವಾನಗಿ ಬೇಕು, ನಮ್ಮ ದೇಶದವರಿಗೂ. ಪ್ರವಾಸ ಕಾದಿರಿಸಿದ ಸಂಸ್ಥೆಯೇ ಅದನ್ನು ಮಾಡಿಸಿಕೊಡುತ್ತದೆ. ಆಧಾರ್, ಪರವಾನಗಿ, ಟಿಕೆಟ್‌ಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು, ಸೊಂಟಕ್ಕೆ ಕಟ್ಟುವ ಚೀಲದೊಳಗೆ ಹಾಕಿ. ಕೊಚ್ಚಿಗೆ ಹಿಂದಿನ ದಿನವೇ ತಲುಪಿ. ಮರಳುವ ರೈಲನ್ನು ಹಡಗು ಬರುವ ದಿನಕ್ಕೇ ಮಾಡಿಸಬೇಡಿ, ಒಂದು ದಿನ ಬಿಟ್ಟು ಮಾಡಿಸಿ. ಕೊಚ್ಚಿಯ ದಡ ಮರೆಯಾದ ಸ್ವಲ್ಪ ಹೊತ್ತಿಗೆ ಮೊಬೈಲ್ ಸಂಪರ್ಕ ಹೋಗುತ್ತದೆ. 2024ರ ಜನವರಿಯಲ್ಲಿ ಕೊಚ್ಚಿಯಿಂದ ದ್ವೀಪಗಳಿಗೆ ಸಮುದ್ರದ ತಳದ ಕೇಬಲ್ ಉದ್ಘಾಟನೆಯಾಗಿದೆ, ಆದರೆ ಅದು ದ್ವೀಪಗಳಿಗೆ. ನಡುನೀರಿನಲ್ಲಿರುವ ಹಡಗಿಗೆ ಅದರಿಂದ ಪ್ರಯೋಜನವಿಲ್ಲ. ಊರಿನಲ್ಲಿರುವವರಿಗೆ "ರಾತ್ರಿ ಫೋನ್ ಬರದಿದ್ದರೆ ಗಾಬರಿಯಾಗಬೇಡಿ" ಎಂದು ಮೊದಲೇ ಹೇಳಿ. ನಗದು ಸಾಕಷ್ಟಿರಲಿ, 500ರ ಕಟ್ಟಲ್ಲ. ಎಳನೀರಿನವನಿಗೆ ಕೊಡಲು ಹತ್ತು, ಇಪ್ಪತ್ತು, ಐವತ್ತರ ನೋಟುಗಳು. ಕ್ಯಾಶ್ ಕೌಂಟರಿನಲ್ಲಿ ಕೂತವನ ಮಾತು ನಂಬಿ, ಚಿಲ್ಲರೆ ಇಲ್ಲದವನು ಎಲ್ಲೂ ದುಬಾರಿ ಗಿರಾಕಿ.

ಹಡಗಿನಲ್ಲಿ ಅಪಾಯದ ಸೂಚನೆಯೆಂದರೆ ಏಳು ಗಿಡ್ಡ ಸೀಟಿ, ಒಂದು ಉದ್ದ ಸೀಟಿ. ಇದನ್ನು ಹೇಳಿಕೊಟ್ಟ ಮೇಲೆ ಮೊಮ್ಮಗ ನಮ್ಮ ಮನೆಯ ಕುಕ್ಕರ್ ಕೂಗಿದಾಗಲೆಲ್ಲ ಎಣಿಸತೊಡಗಿದ. ಲೈಫ್ ಜಾಕೆಟ್ ಎಲ್ಲಿದೆ, ಮಕ್ಕಳ ಅಳತೆಯದು ಇದೆಯೇ ಎಂದು ಕೋಣೆಗೆ ಹೋದ ಕೂಡಲೇ ನೋಡಿಕೊಳ್ಳಿ. ಹೊರಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ: ತುಂಬಿದ ಚೀಲವನ್ನು ಅವರವರೇ ಬೆನ್ನಿಗೇರಿಸಿ, ಎರಡು ಮಹಡಿ ಹತ್ತಿ ಇಳಿಯಿರಿ. ಉಸಿರು ಕಟ್ಟಿದರೆ ಚೀಲದಿಂದ ಏನೋ ಹೊರಗೆ ಬರಬೇಕು. ನನ್ನ ಚೀಲದಿಂದ ಹೊರಬಂದದ್ದು ಚಟ್ನಿಪುಡಿ, ಅರ್ಧ ಕಿಲೋ.

ಮಿನಿಕಾಯ್ ಮುಟ್ಟಿದ ದಿನ ಅಲೆ ಜೋರಿತ್ತು. ನನ್ನವಳು ಬಾಗಿಲಿನವರೆಗೆ ಬಂದು, ದೋಣಿ ಏರಿಳಿಯುವುದನ್ನು ನಾಲ್ಕೈದು ಸಲ ನೋಡಿ, "ಇವತ್ತು ನಾನು ಇಳಿಯೋದಿಲ್ಲ, ಮಂಡಿ ಬೇಡ ಅಂತಿದೆ" ಎಂದಳು. ಮೊಮ್ಮಗಳ ಮುಖ ಸಣ್ಣದಾಯಿತು. ಸಿಬ್ಬಂದಿ ಒತ್ತಾಯಿಸಲಿಲ್ಲ, ಹಾಗೆ ಉಳಿಯುವವರು ಇರುತ್ತಾರೆ ಎಂದರು. ಅವಳು ಡೆಕ್ಕಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ನಾವು ಮೂವರು ಹೋಗಿ 1885ರ ದೀಪಸ್ತಂಭ ಹತ್ತಿದೆವು. ಮಲಯಾಳವಲ್ಲದ, ಮಾಲ್ಡೀವ್ಸ್‌ನ ನುಡಿಗೆ ಹತ್ತಿರವಾದ ಮಹಲ್ ಭಾಷೆಯನ್ನು ಅಲ್ಲಿ ಕೇಳಿದೆವು. ಸ್ತಂಭದ ತುದಿಯಿಂದ ಮಕ್ಕಳು ಹಡಗಿನತ್ತ ಟವೆಲ್ ಬೀಸಿದರು. ಅಷ್ಟು ದೂರಕ್ಕೆ ಅಜ್ಜಿಗೆ ಕಾಣುವುದು ಸಾಧ್ಯವಿರಲಿಲ್ಲ. ಸಂಜೆ ಕೇಳಿದರೆ "ಕಂಡಿತು, ಹಳದಿ ಟವೆಲ್" ಎಂದಳು. ಟವೆಲ್ ನೀಲಿಯದು. ಮೊಮ್ಮಕ್ಕಳು ತಿದ್ದಲಿಲ್ಲ.

ಕವರತ್ತಿಯ ದಡದಲ್ಲಿ ಮೊಮ್ಮಗ ಒಂದು ಬಿಳಿ ಹವಳದ ಚೂರು ಎತ್ತಿಕೊಂಡ. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ, ಸತ್ತ ಚೂರನ್ನೂ ತರುವಂತಿಲ್ಲ ಎಂದು ಅಕ್ಕ ಹೇಳಿದ ಮೇಲೆ ಅಳುಮುಖದಿಂದ ವಾಪಸ್ಸಿಟ್ಟ.

ಊರಿಗೆ ಬಂದ ರಾತ್ರಿ ಮೊಮ್ಮಗಳು ಪಟ್ಟಿ ಹಿಡಿದು ಕೂತಳು. ಹೋದ ಸಾಮಾನು 64, ಬಂದದ್ದು 61. ಒಂದು ಬ್ಯಾಂಕಿನವನಿಗೆ ಟ್ಯಾಲಿ ಆಗದ ಲೆಕ್ಕ ನಿದ್ದೆ ಕೊಡುವುದಿಲ್ಲ, ಹುಡುಕಿಸಿದೆ. ಟೋಪಿಯೊಂದು ಕೊಚ್ಚಿಯ ಆಟೋದಲ್ಲಿ ಉಳಿದಿತ್ತು. ಒಂದು ಸಾಬೂನು ಕರಗಿ ಮುಗಿದಿತ್ತು. ಮೂರನೆಯದರ ಮುಂದೆ ಅವಳು ಕೆಂಪು ಶಾಯಿಯಲ್ಲಿ 'ಅಜ್ಜಿಯ ಕೈಚೀಲ, ಕಲ್ಪೇನಿ ಸಮುದ್ರ' ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡಳು.